ಮಾಲೆ ಹಾಕಿದ ಮನೆ

ಡಾಕ್ಟರಮ್ಮ ಸ್ಕ್ಯಾನಿನ ಪರದೆಯನ್ನು ಸಹನಳ ಕಡೆ ತಿರುಗಿಸಿ, ಬೂದು ಬಣ್ಣದ ಚಿತ್ರದ ಮೇಲೆ ಪೆನ್ನಿನ ತುದಿ ಇಟ್ಟರು.

"ಇದು ಗರ್ಭಕೋಶದ ಬಾಯಿ. ಐದನೇ ತಿಂಗಳಲ್ಲಿ ಇದು ಉದ್ದವಾಗಿ, ಬಿಗಿಯಾಗಿ ಮುಚ್ಚಿಕೊಂಡಿರಬೇಕು. ನಿಮ್ಮದು ಈಗಲೇ ಗಿಡ್ಡ ಆಗಿದೆ. ಹೋದ ಸಲ ಮಗು ಯಾಕೆ ನಿಲ್ಲಲಿಲ್ಲ ಅಂತ ಕೇಳಿದ್ರಲ್ಲ, ಇದಕ್ಕೇ ಇರಬೇಕು."

ಹೋದ ವರ್ಷ ಆರನೇ ತಿಂಗಳಲ್ಲಿ ಸಹನಳಿಗೆ ನೋವೇ ಬಂದಿರಲಿಲ್ಲ. ಕೆಳಗೆ ಏನೋ ಭಾರ ಇಳಿದಂತಾಯಿತು, ಅಷ್ಟೇ. ಚಿನಕುರಳಿಯಿಂದ ಪಾಂಡವಪುರಕ್ಕೆ ಬರುವ ದಾರಿಯಲ್ಲಿ, ಆಟೋದ ಸೀಟಿನ ಮೇಲೆಯೇ ಎಲ್ಲ ಮುಗಿದುಹೋಗಿತ್ತು. ಆಮೇಲೆ ಊರಿನವರು ಒಬ್ಬೊಬ್ಬರು ಒಂದೊಂದು ಕಾರಣ ಕೊಟ್ಟರು. ಪರಂಗಿ ಹಣ್ಣು ತಿಂದಿದ್ದಾಳೆ ಅಂದರು. ಗ್ರಹಣದ ದಿನ ಆಚೆ ಬಂದಿದ್ದಾಳೆ ಅಂದರು. ಜಲ್ಲಿ ಕ್ರಷರಿನ ಸದ್ದಿಗೆ ಕೂಸು ಬೆಚ್ಚಿಬಿದ್ದಿದೆ ಅಂದರು. ಒಳಗಿನ ಬಾಯಿಯ ಮಾತನ್ನು ಯಾರೂ ಎತ್ತಿರಲಿಲ್ಲ.

ಡಾಕ್ಟರಮ್ಮ ಚೀಟಿ ಬರೆಯುತ್ತಲೇ ಹೇಳಿದರು. "ದಿನಾ ರಾತ್ರಿ ಮಲಗೋ ಮುಂಚೆ ಒಂದು ಮಾತ್ರೆ. ನುಂಗೋದಲ್ಲ. ಕೆಳಗೆ, ಒಳಗಡೆ ಇಟ್ಟುಕೋಬೇಕು, ಬೆರಳು ಹೋಗೋಷ್ಟು ಮೇಲಕ್ಕೆ. ಬೆಳಿಗ್ಗೆ ಎಣ್ಣೆ ಥರ ಬೆಳ್ಳಗೆ ಸೋರುತ್ತೆ, ಹೆದರಬೇಡಿ. ಎರಡು ವಾರ ಬಿಟ್ಟು ಬನ್ನಿ, ಮತ್ತೆ ಅಳತೆ ನೋಡ್ತೀನಿ. ಇನ್ನೂ ಗಿಡ್ಡ ಆಗ್ತಿದ್ರೆ ಬಾಯಿಗೆ ಒಂದು ಹೊಲಿಗೆ ಹಾಕೋಣ. ಒಂಬತ್ತಕ್ಕೆ ಬಿದ್ದ ಮೇಲೆ ಬಿಚ್ಚಿದ್ರಾಯ್ತು."

"ಮಲಗೇ ಇರಬೇಕಾ ಮೇಡಮ್?"

"ಬೇಡ. ಭಾರ ಎತ್ತಬೇಡಿ, ಅಷ್ಟೇ. ಮಲಗಿದ ಮಾತ್ರಕ್ಕೆ ಇದು ಉದ್ದ ಆಗಲ್ಲ. ಮಾತ್ರೆ ಬಿಡಬೇಡಿ, ಸ್ಕ್ಯಾನು ಬಿಡಬೇಡಿ."

ಮನೆಗೆ ಹೊರಟಾಗ ಆಟೋ ಓಡಿಸುತ್ತಿದ್ದವನು ಚಲುವರಾಜು. ಅವಳ ಗಂಡ ದಿಲೀಪನ ಜೊತೆಗಾರ, ಬಾಯಿ ಸುಮ್ಮನಿರುವವನಲ್ಲ. ದಿಲೀಪ್ ಹೆಂಡತಿಯ ಪಕ್ಕ ಕೂತು, "ಏನಂದ್ರು?" ಎಂದು ಕೇಳಿದ.

"ಒಳಗೆ ಒಸಿ ವೀಕ್ ಆಗದಂತೆ. ಮಾತ್ರೆ ಕೊಟ್ಟವ್ರೆ. ಮಲಿಕ್ಕಳಾಗ ತಗಬೇಕು."

ಅದನ್ನು ಎಲ್ಲಿ ಇಟ್ಟುಕೊಳ್ಳಬೇಕು ಎಂದು ಅವಳು ಹೇಳಲಿಲ್ಲ. ಚಲುವರಾಜು ಮುಂದಿನ ಕನ್ನಡಿಯಲ್ಲಿ ನೋಡುತ್ತಿದ್ದ. ಅವನಿಲ್ಲದಿದ್ದರೂ ಗಂಡನಿಗೆ ಹೇಗೆ ಹೇಳುವುದೆಂದು ಅವಳಿಗೆ ಗೊತ್ತಿರಲಿಲ್ಲ. ಮದುವೆಯಾಗಿ ಮೂರು ವರ್ಷದಲ್ಲಿ ಆ ಜಾಗಕ್ಕೆ ಇಬ್ಬರ ನಡುವೆ ಒಂದು ಹೆಸರೂ ಇರಲಿಲ್ಲ.

ಆ ವಾರವೇ ದಿಲೀಪ್ ಅಯ್ಯಪ್ಪನ ಮಾಲೆ ಹಾಕುವ ಮಾತು ಬಂತು.

ಅವನು ಜಲ್ಲಿ ಸಾಗಿಸುವ ಟಿಪ್ಪರಿನ ಡ್ರೈವರ್. ಸಂಜೆ ಗಾಡಿ ನಿಲ್ಲಿಸಿದರೆ ಕುಡಿಯದೆ ಮನೆಗೆ ಬರುವವನಲ್ಲ. ಹೊಡೆಯುತ್ತಿರಲಿಲ್ಲ, ಕೂಗಾಡುತ್ತಿರಲಿಲ್ಲ, ಬಂದು ಗೋಡೆ ಕಡೆ ತಿರುಗಿ ಮಲಗುತ್ತಿದ್ದ. ಅವನ ತಾಯಿ ಮಾಯಮ್ಮ, ಈ ಸಲ ಸೊಸೆಯ ಬಸಿರು ನಿಂತರೆ ಮಗನಿಗೆ ಮಾಲೆ ಹಾಕಿಸಿ ಬೆಟ್ಟಕ್ಕೆ ಕಳಿಸುತ್ತೇನೆಂದು ಹರಕೆ ಹೊತ್ತಿದ್ದಳು. ಹೆತ್ತ ಮೇಲೆ ಹೋದರೂ ಆಗುತ್ತಿತ್ತು. ಆದರೆ ಸ್ಕ್ಯಾನಿನ ಸುದ್ದಿ ಕೇಳಿದ ಮೇಲೆ ಅವಳಿಗೆ ತಡೆದುಕೊಳ್ಳಲು ಆಗಲಿಲ್ಲ.

ಊರಿನಿಂದ ವರ್ಷ ವರ್ಷ ಶಬರಿಮಲೆಗೆ ತಂಡ ಕರೆದುಕೊಂಡು ಹೋಗುತ್ತಿದ್ದವನು ಚಿಕ್ಕಸ್ವಾಮಿ. ಕಬ್ಬು ಕಡಿಸುವ ಮೇಸ್ತ್ರಿ. ಮಾಲೆಯ ತಿಂಗಳಲ್ಲಿ ಎಲ್ಲರೂ ಅವನನ್ನು ಗುರುಸ್ವಾಮಿ ಅನ್ನುತ್ತಿದ್ದರು. ಜಗಲಿಯ ಮೇಲೆ ಕೂತು ಅವನು ಮಾಯಮ್ಮನ ಮಾತು ಕೇಳಿಸಿಕೊಂಡ.

"ಬಸುರಿ ಗಂಡ ಕಾಯಿ ಒಡಿಯಂಗಿಲ್ಲ ಅಂತಾರೆ, ಗುರುಸ್ವಾಮಿ. ಇವ್ನು ಎಂಗೆ ಬೆಟ್ಟಕ್ಕೆ ಓದಾನು?" ಪಕ್ಕದಲ್ಲಿದ್ದ ಚಲುವರಾಜು ಕೇಳಿದ.

"ಅರ್ಕೆ ಇದ್ರೆ ದೋಸ ಇಲ್ಲ. ಕಾಯಿ ಇವನ್ ಎಸ್ರಲ್ಲಿ ನಾನೇ ಒಡ್ದೇನು. ಕುಡಿಯಂಗಿಲ್ಲ, ಬೀಡಿ ಸೇದಂಗಿಲ್ಲ, ಚಾಪೆ ಮ್ಯಾಲೆ ಮಲಗ್ಬೇಕು. ಎಂಗಸ್ರನ್ನೆಲ್ಲ ಅಮ್ಮ ಅನ್ಬೇಕು."

"ಎಂಡ್ರೂನೂವಾ?" ದಿಲೀಪ್ ಕೇಳಿದ.

"ಅವ್ಳನ್ನ ಏನೂ ಅನ್ಬ್ಯಾಡ ಬುಡು. 'ನೋಡಿ' ಅನ್ನು ಸಾಕು."

"ಬಾಟ್ಲು ಬುಟ್ಟು ಇವ್ನು ಇರ್ತಾನಾ ಗುರುಸ್ವಾಮಿ? ಬೆಟ್ಟ ಅತ್ಬೋದು ಕಣ್ಲಾ ದಿಲೀಪ, ನಮ್ಮೂರ್ ಬಾರ್ ದಾಟೋದೇ ಕಷ್ಟ." ಚಲುವರಾಜು ಕಿಚಾಯಿಸಿದ.

"ಇರ್ತೀನಿ ಕಣ್ಲಾ," ದಿಲೀಪ್ ಅಂದ. "ಈ ಸಲ ಇರ್ತೀನಿ."

ಸಹನ ಒಳಗಿನಿಂದ ಕೇಳುತ್ತಿದ್ದಳು. ಅವಳು ಅಳುವಾಗ ಬಿಡದ ಕುಡಿತವನ್ನು ಅವನು ಮಗುವಿಗಾಗಿ ಬಿಡುತ್ತಿದ್ದ. ಅದಕ್ಕಿಂತ ಹೆಚ್ಚಿನದೇನನ್ನೂ ಆ ದಿನ ಅವಳು ಕೇಳುತ್ತಿರಲಿಲ್ಲ.

ಮಾಲೆ ಬಂದ ಮೇಲೆ ಮನೆಯೇ ಬೇರೆಯಾಯಿತು. ಮಾಯಮ್ಮ ನಸುಕಿನಲ್ಲಿ ತಲೆಗೆ ನೀರು ಹಾಕಿಕೊಳ್ಳದೆ ಒಲೆ ಮುಟ್ಟುತ್ತಿರಲಿಲ್ಲ. ಹೆತ್ತ ಮಗನನ್ನು "ಏಳಿ ಸ್ವಾಮಿ, ನೀರು ಕಾದದೆ" ಎಂದು ಎಬ್ಬಿಸುತ್ತಿದ್ದಳು. ದಿಲೀಪ್ ಕಪ್ಪು ಪಂಚೆ ಉಟ್ಟು ಟಿಪ್ಪರಿಗೆ ಹೋಗಿ ಸಂಜೆ ನೇರ ಮನೆಗೆ ಬರುತ್ತಿದ್ದ. ಹಜಾರದಲ್ಲಿ ಪಟ ಇಟ್ಟು ಪೂಜೆ. ಸಹನ ಬಾಗಿಲ ಬಳಿ ನಿಂತು ಕೈ ಮುಗಿಯುತ್ತಿದ್ದಳು. ಊಟ ಮಾಡುವಾಗ ಅವನು ತಲೆ ಎತ್ತಿ, "ನೋಡಿ, ಮಾತ್ರೆ ತಗತಿದ್ದೀರಾ?" ಎಂದು ಬಹುವಚನದಲ್ಲಿ ಕೇಳಿದರೆ ಅವಳಿಗೆ ನಗು ಬರುತ್ತಿತ್ತು. ಹೂಂ ಅನ್ನುತ್ತಿದ್ದಳು. ತೆಗೆದುಕೊಳ್ಳುತ್ತಲೂ ಇದ್ದಳು, ಡಾಕ್ಟರಮ್ಮ ಹೇಳಿದ ಹಾಗೆಯೇ. ಕೋಣೆಯ ಚಿಲಕ ಹಾಕಿ, ದೀಪ ಆರಿಸಿ, ಮಲಗಿಕೊಂಡು.

ಬೆಳಿಗ್ಗೆ ಸೋರುತ್ತಿತ್ತು. ಬಟ್ಟೆ ಇಟ್ಟುಕೊಂಡು, ಒಗೆದು, ಕೊಟ್ಟಿಗೆಯ ಹಿಂದೆ ಒಣಗಲು ಹಾಕುತ್ತಿದ್ದಳು. ಅದನ್ನು ಮಾಯಮ್ಮ ನೋಡಿದಳು.

"ಇದೇನೆ ಇದು? ಬಟ್ಟೆ ಮಡಿಕತಿದ್ದೀಯ?"

"ಆ ಮಾತ್ರೆದು ಅತ್ತೆ. ಕರಗಿ ಆಚೆ ಬತ್ತದೆ."

"ಮಾತ್ರೆ ಬಾಯಿಗಾಕಂಡ್ರೆ ಅಲ್ಲೆಂಗೆ ಬತ್ತದೆ?"

ಸಹನ ಬಟ್ಟೆ ಕಡೆ ನೋಡುತ್ತ ಹೇಳಿದಳು. "ಬಾಯಿಗಲ್ಲ ಅತ್ತೆ. ಕೆಳಗೆ ಮಡಿಕಬೇಕು."

ಮಾಯಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. ಬಯ್ಯುವ ಹೆಂಗಸಲ್ಲ ಅವಳು. ಹೋದ ಸಲ ಆಟೋದಲ್ಲಿ ಸೊಸೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದವಳು ಅವಳೇ. ಆ ರಕ್ತದ ಸೀರೆಯನ್ನು ತಾನೇ ನಾಲೆಗೆ ಒಯ್ದು ಬಿಟ್ಟು ಬಂದಿದ್ದಳು.

"ಮಾಲೆ ಮನೆ ಕಣವ್ವ," ಅಂದಳು. "ಮುಟ್ಟಾದೋರು ಆಚೆ ಬೀದೀಲೂ ನಿಲ್ಲಂಗಿಲ್ಲ. ಬಸುರಿ ಅಂತ ನಾನು ಧೈರ್ಯವಾಗಿದ್ದೆ. ಮೈಯಿಂದ ಇಂಗೆ ದಿನಾ ಓಯ್ತಾ ಇದ್ರೆ ಏನನ್ನದು? ನೀನು ಅದೇ ಕೈಲಿ ಸ್ವಾಮಿಗೆ ಅನ್ನ ಇಕ್ಕಿದೀಯ."

"ಕೈ ತೊಳ್ಕತೀನಿ ಅತ್ತೆ."

"ತೊಳ್ಕತೀಯ. ಅದಲ್ಲ."

ಮಾಯಮ್ಮ ಗುರುಸ್ವಾಮಿಯನ್ನು ಕೇಳಲು ಹೋದಳು. ಏನೆಂದು ಕೇಳಿದಳೋ, ಅವನೇನು ಅರ್ಥ ಮಾಡಿಕೊಂಡನೋ. ವಾಪಸು ಬಂದು ಹೇಳಿದ್ದು ಇಷ್ಟು: ಹೆಂಗಸಿನ ಮೈಯಿಂದ ಏನೇ ಹೋದರೂ ಅದು ಮುಟ್ಟೇ, ಮಾಲೆ ಇಳಿಸುವ ತನಕ ಅವಳನ್ನು ಬೇರೆ ಮನೆಯಲ್ಲಿ ಇಡುವುದು ಒಳ್ಳೆಯದು.

ಸಹನಳ ತವರು ಕೆ.ಆರ್. ಪೇಟೆ ತಾಲ್ಲೂಕಿನ ಬೂಕನಕೆರೆ. ಅಲ್ಲಿ ತಾಯಿ ಮಂಗಳಮ್ಮ ಇದ್ದಳು. ಆದರೆ ಅಷ್ಟು ದೂರ ಈ ರಸ್ತೆಯಲ್ಲಿ ಬಸುರಿಯನ್ನು ಕಳಿಸಲು ಮಾಯಮ್ಮನಿಗೆ ಧೈರ್ಯ ಬರಲಿಲ್ಲ. ಊರಿನಲ್ಲಿ ಇನ್ನೊಬ್ಬರ ಮನೆಗೆ ಕಳಿಸಿದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು. ಸಂಜೆ ಅವಳು ಮಗನಿಗೆ ಮಾತ್ರೆಯ ಹಾಳೆ ಕೊಟ್ಟು, "ಸ್ವಾಮಿ, ಇದನ್ನ ನುಂಗ್ಬೋದಾ ಅಂತ ಒಂದ್ಮಾತು ಕೇಳ್ಕ ಬನ್ನಿ. ಎಚ್ಗೆ ಏನೂ ಕೇಳ್ಬ್ಯಾಡಿ" ಅಂದಳು.

ದಿಲೀಪ್ ಪಾಂಡವಪುರದ ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಮೆಡಿಕಲ್ ಸ್ಟೋರಿಗೆ ಹೋದ. ಆಸ್ಪತ್ರೆಗೆ ಹೋಗಬಹುದಿತ್ತು. ಮಾಲೆ ಹಾಕಿಕೊಂಡು ಹೆರಿಗೆ ಆಸ್ಪತ್ರೆಯ ಮೆಟ್ಟಿಲು ಹತ್ತುವುದು ಬೇಡ ಅನ್ನಿಸಿತು. ಅಂಗಡಿಯಲ್ಲಿ ಜನ ಇದ್ದರು. ಅವನು ಹಾಳೆಯನ್ನು ಗಾಜಿನ ಮೇಲೆ ಇಟ್ಟ.

"ಇದನ್ನ ನುಂಗ್ಬೋದಾ?"

ಅಂಗಡಿಯವನು ತಿರುಗಿಸಿ ನೋಡಿದ. "ನುಂಗ್ಬೋದು ಸ್ವಾಮಿ. ಕೆಲವ್ರಿಗೆ ಅಂಗೂ ಕೊಡ್ತಾರೆ, ಇಂಗೂ ಕೊಡ್ತಾರೆ. ಎಷ್ಟ್ ಹಾಳೆ ಬೇಕು?"

ಯಾರಿಗೆ, ಯಾತಕ್ಕೆ ಎಂದು ಅವನು ಕೇಳಲಿಲ್ಲ. ದಿಲೀಪ್ ಹೇಳಲಿಲ್ಲ. ಅಂಗಡಿಯವನು ಹೇಳಿದ್ದು ಸುಳ್ಳೂ ಆಗಿರಲಿಲ್ಲ.

ಮನೆಗೆ ಬಂದ ಗಂಡ ಬಾಗಿಲಾಚೆ ನಿಂತು, "ನುಂಗ್ಬೋದಂತೆ" ಅಂದಾಗ ಸಹನ ಡಾಕ್ಟರಮ್ಮನ ಮಾತನ್ನು ನೆನಪಿಸಿಕೊಂಡಳು. ನುಂಗೋದಲ್ಲ ಅಂದಿದ್ದರು. ಇವನು ಮೆಡಿಕಲ್ ಸ್ಟೋರಿನವರೇ ಹೇಳಿದರು ಅನ್ನುತ್ತಿದ್ದಾನೆ. ಮಾತ್ರೆಯ ಹಾಳೆಯ ಹಿಂದೆ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಎರಡೂ ದಾರಿ ಬರೆದಿತ್ತು, ಅವಳೇ ಓದಿದಳು. ಪಿಯುಸಿ ಮಾಡಿದವಳು. ಡಾಕ್ಟರಮ್ಮನಿಗೆ ಒಂದು ಫೋನ್ ಮಾಡಬಹುದಿತ್ತು. ಚೀಟಿಯ ಮೇಲೆ ನಂಬರಿತ್ತು. ಮಾಡಿದರೆ ಡಾಕ್ಟರಮ್ಮ ಬೇಡ ಅನ್ನುತ್ತಾರೆಂದು ಅವಳಿಗೆ ಒಳಗೇ ಗೊತ್ತಿತ್ತು. ಬೇಡ ಅಂದರೆ ಮಾಲೆಯೋ ಮಾತ್ರೆಯೋ ಎಂಬ ಮಾತು ಮನೆಯಲ್ಲಿ ಬರುತ್ತದೆ. ಮಾಲೆ ಇಳಿದರೆ ಅವನು ಅವತ್ತೇ ಬಾರಿಗೆ ಹೋಗುತ್ತಾನೆ, ಮಗುವಿಗೆ ಏನಾದರೂ ಆದರೆ ನಿನ್ನಿಂದ ಹರಕೆ ಮುರಿಯಿತು ಅನ್ನುತ್ತಾರೆ. ಮೈಯೊಳಗೆ ಹೋದ ಮೇಲೆ ಎಲ್ಲಾ ಒಂದೇ ತಾನೆ ಎಂದುಕೊಂಡು ಅವಳು ಮಾತ್ರೆ ನುಂಗಿ ನೀರು ಕುಡಿದಳು.

ನುಂಗಿದ ಮಾತ್ರೆ ಅವಳನ್ನು ಕೆಡವಿತು. ಅರ್ಧ ಗಂಟೆಯೊಳಗೆ ಕಣ್ಣು ಎಳೆದುಕೊಂಡು ಹೋಗುತ್ತಿತ್ತು. ಬೆಳಿಗ್ಗೆ ಎದ್ದರೆ ಗೋಡೆ ಹಿಡಿದು ನಡೆಯಬೇಕು, ತಲೆ ತಿರುಗುತ್ತಿತ್ತು. ಸೋರುವುದು ನಿಂತುಹೋಯಿತು.

"ನೋಡು, ಈಗ ಮಾತ್ರೆ ಮೈಗೆ ಇಡಿತು," ಮಾಯಮ್ಮ ಅಂದಳು. "ಆಗ ಎಲ್ಲಾ ಆಚೆಗೇ ಓಯ್ತಿತ್ತು. ಈಗ ಎಂಗೆ ನಿದ್ದೆ ಬತ್ತದೆ ನೋಡು ಕೂಸಿಗೂ ನಿಂಗೂ."

ಅವಳು ಸೊಸೆಯನ್ನು ಮಂಚದಿಂದ ಇಳಿಯಲು ಬಿಡಲಿಲ್ಲ. ಅನ್ನ, ನೀರು, ಎಳನೀರು ಅಲ್ಲಿಗೇ. ಹಾಲು ಕರೆಯುವುದು, ಸಗಣಿ ಬಾಚುವುದು, ಮಡಿ ಅಡುಗೆ, ಎಲ್ಲವನ್ನೂ ಅರವತ್ತು ದಾಟಿದ ಹೆಂಗಸು ಒಬ್ಬಳೇ ಮಾಡಿದಳು. ನೀರು ಹಿಡಿಯಲು ಬಂದ ಪಕ್ಕದ ಮನೆಯ ರಮ್ಯ ಇದನ್ನು ನೋಡಿ, "ನಮ್ಮತ್ತೆ ನಂಗೆ ಕಷಾಯನೂ ಕಾಯಿಸ್ಕೊಡ್ನಿಲ್ಲ ಕಣೇ, ನೀನು ಪುಣ್ಯ ಮಾಡಿದ್ದೆ" ಅಂದಳು. ಊರೆಲ್ಲ ಅದನ್ನೇ ಆಡಿಕೊಂಡಿತು. ಆ ಮನೆಯಲ್ಲಿ ಆ ಮಗುವಿಗಾಗಿ ಎಲ್ಲರೂ ಏನೇನು ಬಿಡಬಹುದೋ ಬಿಟ್ಟಿದ್ದರು, ಏನೇನು ಮಾಡಬಹುದೋ ಮಾಡುತ್ತಿದ್ದರು.

ಎರಡನೇ ಸ್ಕ್ಯಾನಿನ ದಿನ ಬಂತು. ಸಹನ ನೆನಪಿಸಿದಳು.

"ಅದೇ ಒಳಗೆ ಕಡ್ಡಿ ಆಕಿ ನೋಡದು ತಾನೆ?" ಮಾಯಮ್ಮ ಕೇಳಿದಳು. ಮೊದಲ ಸಲ ಸ್ಕ್ಯಾನು ಮಾಡಿದ ದಿನ ಸೊಸೆಯ ಲಂಗಕ್ಕೆ ಒಂದು ಕಲೆಯಾಗಿದ್ದು ಅವಳಿಗೆ ನೆನಪಿತ್ತು. "ಒಸಿ ರಕ್ತ ಕಂಡ್ರೂ ಮುಗೀತು. ಇಷ್ಟ್ ದಿನ ಮಾಡಿದ್ದೆಲ್ಲ ಓಯ್ತದೆ. ಸ್ವಾಮಿ ಬೆಟ್ಟಕ್ಕೆ ಓದ ಮಾರ್ನೇ ದಿನವೇ ಕರ್ಕೋಗ್ತೀನಿ, ನನ್ನಾಣೆ. ನೋವು ಗೀವು ಏನಾರ ಅದಾ?"

"ಇಲ್ಲ."

"ಮತ್ತೆ?"

ನೋವು ಇರಲಿಲ್ಲ. ಮಗು ಒದೆಯಲು ಶುರು ಮಾಡಿತ್ತು. ಸಹನ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಮತ್ತೆ ನಿದ್ದೆಗೆ ಬಿದ್ದಳು.

ಡಿಸೆಂಬರಿನ ಕೊನೆಗೆ ತಂಡ ಹೊರಡುವ ದಿನ ಗೊತ್ತಾಯಿತು. ಹಿಂದಿನ ದಿನ ಮಧ್ಯಾಹ್ನದಿಂದ ಸಹನಳಿಗೆ ಕೆಳಗೆ ಒತ್ತಿದಂತಾಗುತ್ತಿತ್ತು. ಈ ಒತ್ತಡ ಅವಳಿಗೆ ಪರಿಚಯದ್ದು. ಅತ್ತೆಗೆ ಹೇಳಿದಳು. ಮಾಯಮ್ಮ ಇರುಮುಡಿಗೆ ಅಕ್ಕಿ ಆರಿಸುತ್ತಿದ್ದಳು. ಬೆಟ್ಟ ಹತ್ತುವಾಗ ತಲೆಯ ಮೇಲೆ ಹೊರುವ ಎರಡು ಗಂಟಿನ ಚೀಲ ಅದು. ಒಂದು ಗಂಟಿನಲ್ಲಿ ದೇವರಿಗೆ ತುಪ್ಪ ತುಂಬಿದ ಕಾಯಿ, ಇನ್ನೊಂದರಲ್ಲಿ ದಾರಿಯ ಅಕ್ಕಿ. ಅವಳ ಕೈ ನಿಂತಿತು.

"ನೋವಾ?"

"ನೋವಲ್ಲ. ಭಾರ."

"ಮಗ ಬೆಳೀತಾ ಅದೆ, ಭಾರ ಆಗ್ದೆ ಇರ್ತದಾ. ಕಾಲ್ಗೆ ದಿಂಬು ಕೊಡ್ತೀನಿ, ಮಲಿಕ್ಕೊ. ಬೆಳಿಗ್ಗೆ ಇರುಮುಡಿ ಕಟ್ಟಿ ತಲೆ ಮ್ಯಾಲೆ ಮಡಗುದ್ರೆ ಸ್ವಾಮಿ ತಿರುಗಿ ನೋಡಂಗಿಲ್ಲ. ಅವ್ರು ಓಗ್ಲಿ. ಆಮ್ಯಾಕೆ ನಾವು ಆಸ್ಪತ್ರೆಗೇ ಓಗನ."

ಸಹನ ಹೂಂ ಅಂದಳು. ರಾತ್ರಿ ದಿಲೀಪ್ ಬಾಗಿಲಾಚೆಯಿಂದ, "ನೋಡಿ, ಬೆಳಿಗ್ಗೆ ಒರಡ್ತೀನಿ. ಎಂಗಿದೀರಾ?" ಅಂದಾಗ ಅವಳು ಚೆನ್ನಾಗಿದ್ದೇನೆ ಅಂದಳು. ಅವನ ಧ್ವನಿಯಲ್ಲಿ ಅಷ್ಟು ಖುಷಿ ಅವಳು ಯಾವತ್ತೂ ಕೇಳಿರಲಿಲ್ಲ. ಮಾತ್ರೆ ನುಂಗಿ ಮಲಗಿದಳು.

ಬೆಳಿಗ್ಗೆ ಗುಡಿಯ ಮುಂದೆ ಶರಣು ಕೂಗುವುದು ಮನೆಯ ತನಕ ಕೇಳಿಸಿತು. ಆಮೇಲೆ ವ್ಯಾನಿನ ಸದ್ದು. ಮಾಯಮ್ಮ ಕುಂಕುಮದ ಹಣೆಯಲ್ಲಿ ವಾಪಸು ಬಂದಾಗ ಸಹನ ಬಚ್ಚಲಿನಲ್ಲಿ ಗೋಡೆ ಹಿಡಿದು ನಿಂತಿದ್ದಳು.

"ಅತ್ತೆ, ಏನೋ ಆಚೆ ಬತ್ತಾ ಅದೆ."

ಮಾಯಮ್ಮ ಬಗ್ಗಿ ನೋಡಿದಳು. ನೀರು ತುಂಬಿದ ಬಲೂನಿನಂಥದ್ದು. ಹಸು ಈಯುವುದನ್ನು ಎಷ್ಟೋ ಸಲ ನೋಡಿದ್ದ ಅವಳಿಗೆ ಅದು ಮಗುವಿನ ನೀರಿನ ಚೀಲವೆಂದು ಯಾರೂ ಹೇಳಬೇಕಾಗಿರಲಿಲ್ಲ. ಅವಳು ಓಡಿಹೋಗಿ ಚಲುವರಾಜುವಿನ ಆಟೋ ಕರೆತಂದಳು. ದಾರಿಯಲ್ಲಿ ಚಲುವರಾಜು ಗುಂಡಿ ಬಂದಾಗಲೆಲ್ಲ ನಿಲ್ಲಿಸಿ, ಚಕ್ರವನ್ನು ಮೆಲ್ಲಗೆ ಇಳಿಸಿ ಹತ್ತಿಸಿದ.

ಡಾಕ್ಟರಮ್ಮ ಪರೀಕ್ಷೆ ಮಾಡಿ ಕೈಗವಸು ತೆಗೆದರು.

"ಬಾಯಿ ಪೂರ್ತಿ ತೆರೆದುಕೊಂಡಿದೆ. ಈಗ ಹೊಲಿಗೆ ಹಾಕೋಕೆ ಆಗಲ್ಲ. ಎರಡನೇ ಸ್ಕ್ಯಾನಿಗೆ ಯಾಕೆ ಬರಲಿಲ್ಲ? ಮಾತ್ರೆ ಇಟ್ಟುಕೊಳ್ತಿದ್ರಾ?"

"ನುಂಗ್ತಿದ್ದೆ ಮೇಡಮ್."

"ನುಂಗ್ತಿದ್ರಾ? ಯಾರು ಹೇಳಿದ್ದು?"

ಸಹನ ಸೂರು ನೋಡಿದಳು. ಮಾಯಮ್ಮ ಮುಂದೆ ಬಂದಳು. "ನುಂಗುದ್ರೆ ಚೆನ್ನಾಗಿ ನಿದ್ದೆ ಬತ್ತಿತ್ತು ಡಾಕ್ಟ್ರೆ. ಮೈಗೆ ಇಡೀತದೆ ಅಂತ…"

"ನಿದ್ದೆ ಬಂದಿದ್ದು ಇವಳಿಗೆ. ಮಾತ್ರೆ ಬೇಕಾಗಿದ್ದು ಆ ಬಾಯಿಗೆ. ಅಲ್ಲಿಗೆ ಏನೂ ಮುಟ್ಟಿಲ್ಲ." ಡಾಕ್ಟರಮ್ಮನ ಧ್ವನಿ ಏರಲಿಲ್ಲ. "ಇಟ್ಟುಕೊಂಡಿದ್ರೂ ನಿಲ್ಲುತ್ತಿತ್ತು ಅಂತ ನಾನು ಬರೆದುಕೊಡಲ್ಲ. ಎಷ್ಟೋ ಜನಕ್ಕೆ ನಿಂತಿದೆ. ಬಂದಿದ್ರೆ ಹೊಲಿಗೆನಾದ್ರೂ ಹಾಕ್ತಿದ್ದೆ. ಇಷ್ಟು ಚಿಕ್ಕ ಮಗುವನ್ನ ಇಟ್ಟುಕೊಳ್ಳೋ ಮಿಷನ್ ನನ್ನ ಹತ್ರ ಇಲ್ಲ. ಮಂಡ್ಯಕ್ಕೆ ಕಳಿಸ್ತೀನಿ."

ಮಂಡ್ಯದ ಆಸ್ಪತ್ರೆ ಮುಟ್ಟಿದ ಸ್ವಲ್ಪ ಹೊತ್ತಿಗೆ ಹೆರಿಗೆಯಾಯಿತು. ಹೆಣ್ಣು. ಡಾಕ್ಟರನ ಒಂದು ಅಂಗೈ ಮೇಲೆ ಬೆನ್ನು ಪೂರ್ತಿ ಹಿಡಿಸಿತು. ಚರ್ಮದ ಒಳಗೆ ರಕ್ತನಾಳ ಕಾಣುತ್ತಿತ್ತು. ಅದು ಅತ್ತಿತು, ಸಣ್ಣ ಸದ್ದು, ಎರಡೋ ಮೂರೋ ಸಲ. ನರ್ಸು ಕಾಲಿಗೆ ಪಟ್ಟಿ ಸುತ್ತಿ, ಬಟ್ಟೆಯಲ್ಲಿ ಮುಚ್ಚಿಕೊಂಡು ಗಾಜಿನ ಪೆಟ್ಟಿಗೆಯ ಕೋಣೆಗೆ ಓಡಿದಳು. ಮಧ್ಯಾಹ್ನ ಕಳೆದ ಮೇಲೆ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರ್ ಬಂದು, ಶ್ವಾಸಕೋಶ ಇನ್ನೂ ಬಲಿತಿರಲಿಲ್ಲ, ಮಾಡಬೇಕಾದ್ದು ಮಾಡಿದೆವು ಎಂದು ಹೇಳಿ ಹೋದರು.

ಮಾಯಮ್ಮ ಮಂಚದ ಪಕ್ಕ ನೆಲದ ಮೇಲೆ ಕೂತಳು. ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. ಅತ್ತು ಮುಗಿದ ಮೇಲೆ ಎದ್ದು ಹೋಗಿ ನರ್ಸಿನ ಹತ್ತಿರ ನಿಂತಳು. ಅವಳು ಕೇಳಿದ್ದು ಸಹನಳಿಗೆ ಕೇಳಿಸಿತು.

"ತಾಯಿ, ಅದು ಸರ್ಯಾಗಿ ಉಸ್ರಾಡಿತ್ತಾ? ಇಲ್ಲ ಮಿಸನ್ನೇ ಆಡುಸ್ತಿತ್ತಾ?"

"ಉಟ್ದಾಗ ಮಗುನೇ ಉಸ್ರಾಡ್ತಿತ್ತು ಕಣಮ್ಮ. ಯಾಕೆ?"

"ಇಲ್ಲ, ಸುಮ್ನೆ ಕೇಳ್ದೆ."

ವಾಪಸು ಬಂದು ಸೊಸೆಯ ಕಾಲಿನ ಮೇಲಿನ ಹೊದಿಕೆ ಸರಿ ಮಾಡುತ್ತ ಮೆಲ್ಲಗೆ ಹೇಳಿದಳು.

"ಸತ್ತು ಉಟ್ಟಿದ್ರೆ ನಮ್ಗೆ ಏನೂ ಇರ್ತಿರಲಿಲ್ಲ. ಉಸ್ರಾಡಿ ಓದ್ರೆ ಉಟ್ಟಿದ್ದಕ್ಕೆ ಪುರುಡೂ ಬತ್ತದೆ, ಸತ್ತಿದ್ದಕ್ಕೆ ಸೂತ್ಕಾನೂ ಬತ್ತದೆ. ಸ್ವಾಮಿ ದಾರೀಲೇ ಮಾಲೆ ತಗುದ್ಬುಡ್ಬೇಕಾಯ್ತದೆ. ಇರುಮುಡಿ ಒತ್ತೋನು ಅರ್ಧ ದಾರೀಲಿ ಇಳುಸುದ್ರೆ ಒಳ್ಳೇದಾಯ್ತದಾ ಸಹನ? ಓದದ್ದು ಓಯ್ತು. ಅವ್ನಾದ್ರೂ ಓಗ್ಬಂದ್ಬುಡ್ಲಿ. ಮುಂದ್ಲದಕ್ಕಾದ್ರೂ ಆಯ್ತದೆ. ಫೋನ್ ಮಾಡುದ್ರೆ ಮಲಗವ್ಳೆ ಅಂತೀನಿ, ನೀನು ಮಾತಾಡ್ಬ್ಯಾಡ."

"ಮಣ್ಣು ಮಾಡೋರು ಯಾರು ಅತ್ತೆ?"

"ಚಲುವರಾಜು ಅವ್ನಲ್ಲ. ನಿಮ್ಮಮ್ಮಂಗೂ ಏಳಿ ಕಳ್ಸೀನಿ."

ಫೋನು ಸಹನಳ ದಿಂಬಿನ ಕೆಳಗೇ ಇತ್ತು.

ಸಂಜೆ ಅದು ಬಡಿದುಕೊಂಡಿತು. ಮಾಯಮ್ಮ ಕೈ ಚಾಚುವ ಮೊದಲೇ ಅವಳು ತೆಗೆದಳು.

"ಸ್ವಾಮಿ ಶರಣಂ," ದಿಲೀಪ್ ಅಂದ. ಹಿಂದೆ ಭಜನೆಯ ಹಾಡು, ಯಾರೋ ಸಕ್ಕರೆ ಕಡಿಮೆ ಹಾಕು ಎಂದು ಟೀ ಕೇಳುತ್ತಿದ್ದದ್ದು. "ನಂಜನಗೂಡ್ಲಿ ಪೂಜೆ ಮುಗಿಸ್ಕಂಡು ಈಗ ಗುಂಡ್ಲುಪೇಟೇಲಿ ನಿಲ್ಸವ್ರೆ. ನೋಡಿ, ಊಟ ಆಯ್ತಾ?"

"ಮಗು ಉಟ್ತು. ಎಣ್ಮಗು. ಓಯ್ತು."

ಹಾಡು ಮುಂದುವರಿಯುತ್ತಿತ್ತು. ಆಮೇಲೆ ಹಾಡಿನ ಸದ್ದು ದೂರವಾಯಿತು. ಅವನು ವ್ಯಾನಿನಿಂದ ಆ ಕಡೆ ನಡೆದಿರಬೇಕು.

"ಅಮ್ಮ ಎಲ್ಲಿ?"

"ಇಲ್ಲೇ ಅವ್ರೆ. ನಿಮ್ಗೆ ಏಳ್ಬ್ಯಾಡ ಅಂದ್ರು."

"ಉಸ್ರಾಡ್ತಾ?"

ಅಪ್ಪನಾಗಿ ಕೇಳಿದನೋ, ಮಾಲೆ ಹಾಕಿದವನಾಗಿ ಕೇಳಿದನೋ ಅವಳಿಗೆ ಗೊತ್ತಾಗಲಿಲ್ಲ. ಅವನಿಗೂ ಗೊತ್ತಿದ್ದಂತಿರಲಿಲ್ಲ.

"ಆಡ್ತು. ಮದ್ಯಾನದ ಗಂಟ."

"ಸಹನ." ಮಾಲೆ ಹಾಕಿದ ಮೇಲೆ ಮೊದಲ ಸಲ ಅವನು ಅವಳ ಹೆಸರು ಹಿಡಿದು ಕರೆದ. ಅವನು ಅಳುತ್ತಿದ್ದ. "ಇರುಮುಡಿ ಕಟ್ಕಂಡಿವ್ನಿ ಕಣೆ. ಇಷ್ಟು ದಿನ ಒಂದು ತೊಟ್ಟು ಮುಟ್ಲಿಲ್ಲ. ಅದಕ್ಕೇ ಮಾಡಿದ್ದೆ. ಇಲ್ಲೇ ಇಳುದ್ರೆ ಮಾಡಿದ್ದೆಲ್ಲ ಏನೂ ಅಲ್ಲ ಅಂದಂಗಾಯ್ತದೆ. ಉಸ್ರಾಡ್ಲಿಲ್ಲ ಅಂತ ಅನ್ಬುಡು. ಒಂದೇ ಮಾತು. ನೀನಂದ್ರೆ ಅದ್ನೇ ನಂಬ್ಕಂಡು ಓಯ್ತೀನಿ."

ಮಾಯಮ್ಮ ಎದ್ದು ನಿಂತಿದ್ದಳು. ಮಗನ ಮಾತು ಅವಳಿಗೂ ಕೇಳಿಸಿತ್ತು. ಅವಳು ಸೊಸೆಯ ಮುಖ ನೋಡಿ ಎರಡೂ ಕೈ ಜೋಡಿಸಿದಳು.

ಸಹನ ಆ ಮಾತು ಅನ್ನಬಹುದಿತ್ತು. ಈ ಎರಡು ತಿಂಗಳು ಅವರಿಬ್ಬರೂ ಬೇಕು ಅಂದದ್ದನ್ನೆಲ್ಲ ಅವಳು ಅಂದಿದ್ದಳು. ಚೆನ್ನಾಗಿದ್ದೀನಿ ಅಂದಿದ್ದಳು, ಹೂಂ ಅಂದಿದ್ದಳು. ಇದೊಂದನ್ನೂ ಅಂದರೆ ಮಗು ಹುಟ್ಟಲೇ ಇಲ್ಲ ಎಂದಾಗುತ್ತಿತ್ತು.

"ಉಸ್ರಾಡ್ತು ಕಣ್ರೀ," ಅವಳು ಅಂದಳು. "ನನ್ ಕಿವಿಗೆ ಕೇಳುಸ್ತು, ಅತ್ತಿದ್ದು. ಮಾತ್ರೆ ನುಂಗಿದ್ದೇ ತಪ್ಪಂತೆ. ಕೆಳಗೇ ಮಡಿಕಬೇಕಿತ್ತಂತೆ, ಡಾಕ್ಟ್ರು ಮೊದ್ಲೇ ಏಳಿದ್ರು, ನಾನು ನಿಮ್ಗೆ ಏಳ್ಲಿಲ್ಲ. ಅದೆಲ್ಲ ಆಮ್ಯಾಲೆ ಮಾತಾಡನ. ಈಗ ಅದನ್ನ ಬಟ್ಟೇಲಿ ಸುತ್ತಿ ಮಡಗವ್ರೆ. ಚಲುವರಾಜು ಕೈಲಿ ಮಣ್ಣು ಮಾಡ್ಸಕ್ಕೆ ನಾನು ಬುಡಕ್ಕಿಲ್ಲ. ನಿಮ್ ಮಗು. ಇಳೀರಿ."

ಮಾಯಮ್ಮ ಜೋಡಿಸಿದ ಕೈ ಬಿಟ್ಟಳು.

ಆ ಕಡೆ ರಸ್ತೆಯಲ್ಲಿ ಒಂದು ಲಾರಿ ಹಾದುಹೋಯಿತು. ಚಿಕ್ಕಸ್ವಾಮಿಯ ಧ್ವನಿ ಕೇಳಿಸಿತು: "ಯಾಕ್ ಸ್ವಾಮಿ, ಯಾರ್ದು ಫೋನು? ಟೀ ಆರೋಯ್ತದೆ." ದಿಲೀಪ್ ಏನೋ ಅಂದ, ಅವಳಿಗೆ ಕೇಳಿಸಲಿಲ್ಲ. ಹಾಡು ನಿಂತಿತು. ನಾಲ್ಕೈದು ಗಂಡಸರು ಒಟ್ಟಿಗೆ ಮಾತಾಡಿದರು, ಒಬ್ಬ ಅಯ್ಯಯ್ಯೋ ಅಂದ, ಒಬ್ಬ ಈಗ ಏನು ಮಾಡೋದು ಗುರುಸ್ವಾಮಿ ಅಂದ. "ದೂರ ನಿಂತ್ಕೊ," ಚಿಕ್ಕಸ್ವಾಮಿ ಅಂದ. "ಗಂಟು ನಾನು ಇಳುಸ್ಕತೀನಿ. ಮೈಸೂರ್ ಬಸ್ಸು ಈ ಕಡೆಯಿಂದ ಬತ್ತದೆ."

ಸಹನ ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ವ್ಯಾನಿನ ಬಾಗಿಲು ಜಾರಿ ಮುಚ್ಚಿಕೊಂಡದ್ದು, ಅದು ಸ್ಟಾರ್ಟ್ ಆಗಿ ದೂರ ಹೋದದ್ದು, ಆಮೇಲೆ ರಸ್ತೆ ಬದಿಯಲ್ಲಿ ಒಬ್ಬನೇ ನಿಂತವನ ಉಸಿರು, ಎಲ್ಲ ಕೇಳಿಸಿತು. ಅವನೂ ಕಟ್ ಮಾಡಲಿಲ್ಲ.